ಬಸವನಹುಳದ ಮೊಟ್ಟೆಯೂ ಬಾಗಲಕೋಟೆಯ ಗಡಸು ನೀರೂ

ಹೋದ ಸೆಮಿಸ್ಟರ್‌ನಲ್ಲಿ ಒಂದಿನ ಬೆಳಗ್ಗೆ ನಮ್ಮ ರೂಮಿನ ಅಕ್ವೇರಿಯಂ ಮುಚ್ಚಳದ ಒಳಭಾಗಕ್ಕೆ ಏನೋ ಅಂಟಿಕೊಂಡಿತ್ತು. ತಿಳಿ ಗುಲಾಬಿ ಬಣ್ಣ, ಪುಟ್ಟ ಜೋಳದ ತೆನೆ ಥರ ಒತ್ತೊತ್ತಾದ ಕಾಳುಗಳು. ಯಾರೋ ಚೂಯಿಂಗ್ ಗಮ್ ಅಂಟಿಸಿದಾರೆ ಅಂದ್ಕೊಂಡು ಕೀಳೋಕೆ ಹೋದ್ವಿ. ಆಮೇಲೆ ಗೊತ್ತಾಯ್ತು, ಅದು ನಮ್ಮ ಹಳದಿ ಬಸವನಹುಳದ ಮೊಟ್ಟೆ. ನವನಗರದ ಒಂದೇ ರೂಮಿನಲ್ಲಿ ಇರೋ ನಾವು ನಾಲ್ವರು – ಒಬ್ಬ ಬಾಗಲಕೋಟೆಯವನೇ, ಉಳಿದವರು ಬಾದಾಮಿ, ಹುನಗುಂದ, ಇಳಕಲ್‌ನವರು. ಎರಡು ಸಲ ಸೋತು ಮೂರನೇ ಸಲ ಮರಿ ಬೆಳೆಸಿದ್ವಿ. ಆ ಎರಡು ಸೋಲು ನಿಮಗೆ ಆಗಬಾರದು ಅಂತ ಈ ಲೇಖನ.

ಮೊದಲು ನಿಮ್ಮ ಹತ್ರ ಇರೋದು ಯಾವ ಹುಳ ಅಂತ ನೋಡಿಕೊಳ್ಳಿ. ಗಿಡದ ಎಲೆ ಮೇಲೆ ಅಥವಾ ಗಾಜಿಗೆ, ನೀರಿನ ಒಳಗೇ, ಪಾರದರ್ಶಕ ಜೆಲ್ಲಿ ಹನಿ ಥರ ಮೊಟ್ಟೆ ಇದ್ರೆ ಅದು ರ‍್ಯಾಮ್ಸ್‌ಹಾರ್ನ್ ಅಥವಾ ಬ್ಲ್ಯಾಡರ್ ಜಾತಿ. ಅವಕ್ಕೆ ನೀವು ಏನೂ ಮಾಡಬೇಕಾಗಿಲ್ಲ, ತಾವೇ ಮರಿ ಆಗ್ತವೆ, ಬೇಡ ಅಂದ್ರೂ ಆಗ್ತವೆ. ನೀರಿನ ಮಟ್ಟಕ್ಕಿಂತ ಮೇಲೆ ಗುಲಾಬಿ ಗೊಂಚಲು ಇದ್ರೆ ಅದು ಅಂಗಡಿಯಲ್ಲಿ ಮಿಸ್ಟರಿ ಸ್ನೇಲ್ ಅಂತ ಮಾರೋ ಪೊಮೇಸಿಯಾ ಡಿಫ್ಯೂಸಾ. ಇದರ ಮೂಲ ದಕ್ಷಿಣ ಅಮೆರಿಕ. ಇದರಲ್ಲಿ ಗಂಡು-ಹೆಣ್ಣು ಬೇರೆ ಬೇರೆ. ಆದರೆ ಹೆಣ್ಣು ಒಂದು ಸಲ ಕೂಡಿದ ಮೇಲೆ ವೀರ್ಯವನ್ನ ತಿಂಗಳುಗಟ್ಟಲೆ ತನ್ನಲ್ಲೇ ಇಟ್ಟುಕೊಳ್ಳುತ್ತೆ. ಹಾಗಾಗಿ ನಾವು ತಂದಿದ್ದು ಒಂದೇ ಹುಳ ಆದ್ರೂ ಮೊಟ್ಟೆ ಬಂತು.

ನೀರಿನ ಹುಳ ನೀರಿನ ಹೊರಗೆ ಯಾಕೆ ಮೊಟ್ಟೆ ಇಡುತ್ತೆ? ಒಂದು ಕಾರಣ, ಮೀನಿನ ಬಾಯಿಂದ ತಪ್ಪಿಸೋದು. ಇನ್ನೊಂದು ಆಮ್ಲಜನಕ. ಆಮ್ಲಜನಕ ನೀರಿಗಿಂತ ಗಾಳಿಯಲ್ಲಿ ಸುಮಾರು 10,000 ಪಟ್ಟು ವೇಗವಾಗಿ ಹರಡುತ್ತೆ. ಈ ಮೊಟ್ಟೆಗಳಿಗೆ ಸುಣ್ಣದ ತೆಳು ಚಿಪ್ಪು ಇರುತ್ತೆ, ಅದರ ಮೂಲಕ ಗಾಳಿ ಒಳಗೆ ಹೋಗಬೇಕು. ನೀರಲ್ಲಿ ಮುಳುಗಿದ್ರೆ ಭ್ರೂಣ ಉಸಿರುಗಟ್ಟಿ ಸಾಯುತ್ತೆ. ನಮ್ಮ ದೇಶದ ಕೆರೆ-ಗದ್ದೆಗಳಲ್ಲಿ ಸಿಗೋ ಪೈಲಾ ಬಸವನಹುಳವೂ ಹೀಗೇ, ದಂಡೆಯ ಹಸಿ ಮಣ್ಣಿನಲ್ಲಿ ಬಿಳಿ ಮೊಟ್ಟೆ ಇಡುತ್ತೆ.

ಇದು ಗೊತ್ತಿಲ್ಲದೇ ನಾವು ಮೊದಲನೇ ಗೊಂಚಲು ಹಾಳು ಮಾಡಿದ್ವಿ. "ಪಾಪ, ಒಣಗಾಕತ್ತೈತಿ" ಅಂತ ಅದನ್ನ ಕಿತ್ತು ನೀರೊಳಗೆ ಹಾಕಿದ್ವಿ. ನಾಲ್ಕನೇ ದಿನ ಕೊಳೆತು ವಾಸನೆ ಬಂತು.

ಹಾಗಾದ್ರೆ ಮಾಡೋದೇನು? ಸುಲಭದ ದಾರಿ ಅಂದ್ರೆ ಅದನ್ನ ಇದ್ದಲ್ಲೇ ಬಿಡೋದು. ಮುಚ್ಚಳ ಮುಚ್ಚಿರಲಿ, ನೀರಿನ ಮಟ್ಟ ಏರದಿರಲಿ, ಅಷ್ಟೇ. ಆದರೆ ಮರಿಗಳು ನೇರ ತೊಟ್ಟಿಗೆ ಬಿದ್ರೆ ಮೀನು ತಿನ್ನುತ್ತೆ, ಫಿಲ್ಟರ್ ಎಳೆದುಕೊಳ್ಳುತ್ತೆ. ಅದಕ್ಕೆ ನಾವು ಡಬ್ಬಿ ವಿಧಾನ ಮಾಡಿದ್ವಿ. ಮೊಟ್ಟೆ ಇಟ್ಟ ಮೊದಲ ದಿನ ಅದು ಮೆತ್ತಗಿರುತ್ತೆ, ಮುಟ್ಟಬೇಡಿ. ಒಂದೆರಡು ದಿನ ಬಿಟ್ಟು, ಗಟ್ಟಿಯಾದ ಮೇಲೆ, ಮೇಲಕ್ಕೆ ಎಳೆಯದೆ ಪಕ್ಕಕ್ಕೆ ನಿಧಾನ ಜಾರಿಸಿ ಬಿಡಿಸಿ. ಒಂದು ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಟಿಶ್ಯೂ ಪೇಪರ್ ನೆನೆಸಿ, ಚೆನ್ನಾಗಿ ಹಿಂಡಿ ಹಾಸಿ. ಅದರ ಮೇಲೆ ಒಂದು ಬಾಟಲಿ ಮುಚ್ಚಳ ಬೋರಲು ಹಾಕಿ, ಗೊಂಚಲನ್ನ ಆ ಮುಚ್ಚಳದ ಮೇಲೆ ಇಡಿ. ಡಬ್ಬಿ ಮುಚ್ಚಿ, ಗಾಳಿಗೆ ಸಣ್ಣ ತೂತು ಮಾಡಿ, ತೊಟ್ಟಿಯ ನೀರಿನ ಮೇಲೆ ತೇಲಿಬಿಡಿ. ಒಳಗಿನ ಗಾಳಿ ತೇವ ಇರಬೇಕು, ಮೊಟ್ಟೆ ಒದ್ದೆ ಆಗಬಾರದು. ಇಷ್ಟೇ ಸೂತ್ರ. ಎರಡು ದಿನಕ್ಕೊಮ್ಮೆ ಮುಚ್ಚಳ ತೆಗೆದು ನೋಡಿ.

ಎರಡರಿಂದ ನಾಲ್ಕು ವಾರ ಬೇಕು. ಬಿಸಿ ಇದ್ರೆ ಬೇಗ, ಚಳಿ ಇದ್ರೆ ತಡ. ಒಂದು ವಾರದ ನಂತರ ಮೊಬೈಲ್ ಟಾರ್ಚ್ ಹಿಡಿದು ನೋಡಿದ್ರೆ ಜೀವ ಇರೋ ಮೊಟ್ಟೆಗಳಲ್ಲಿ ಕಪ್ಪು ಚುಕ್ಕೆ ಕಾಣುತ್ತೆ. ಕೊನೆಗೆ ಗುಲಾಬಿ ಬಣ್ಣ ಹೋಗಿ ಬೂದಿ ಬಣ್ಣ ಬರುತ್ತೆ, ಥೇಟ್ ಬೂಸ್ಟು ಹಿಡಿದ ಹಾಗೆ. ಕೆಟ್ಟೋಯ್ತು ಅಂತ ಎಸೆಯಬೇಡಿ! ಅದೇ ಮರಿ ಬರೋ ಲಕ್ಷಣ. ಮರಿ ಹೊರಬರೋದು ಕಂಡಾಗ ಗೊಂಚಲನ್ನ ತೊಟ್ಟಿಯ ನೀರಲ್ಲೇ ಮೆಲ್ಲಗೆ ಅಲುಗಾಡಿಸಿದ್ರೆ ಸಾಸಿವೆ ಕಾಳಿನಷ್ಟು ಮರಿಗಳು ಉದುರುತ್ತವೆ. ಅವುಗಳನ್ನ ಬ್ರೀಡಿಂಗ್ ನೆಟ್‌ನಲ್ಲೋ ಬೇರೆ ಸಣ್ಣ ತೊಟ್ಟಿಯಲ್ಲೋ ಬಿಡಿ.

ಎರಡನೇ ಗೊಂಚಲಿಂದ ನಮಗೆ ಸುಮಾರು 60 ಮರಿ ಬಂದವು. ಖುಷಿಯೋ ಖುಷಿ. ಅವಕ್ಕೆ "ಶುದ್ಧ ನೀರು" ಕೊಡೋಣ ಅಂತ ಕುಡಿಯೋ ಆರ್‌ಒ ನೀರಿನ ಕ್ಯಾನ್ ತಂದು ಬೇರೆ ತೊಟ್ಟಿ ತುಂಬಿಸಿದ್ವಿ. ಮೂರನೇ ವಾರಕ್ಕೆ ಚಿಪ್ಪು ಬೆಳ್ಳಗಾಗಿ, ಪದರ ಎದ್ದು, ಸಣ್ಣ ಗುಂಡಿ ಬೀಳೋಕೆ ಶುರುವಾಯ್ತು. ತಿಂಗಳು ಮುಗಿಯೋ ಹೊತ್ತಿಗೆ ಉಳಿದಿದ್ದು 9. ದಿನಾ ಬೆಳಗ್ಗೆ ಖಾಲಿ ಚಿಪ್ಪು ಆರಿಸಿ ತೆಗೆಯೋದು ಎಷ್ಟು ಬೇಜಾರು ಅಂತ ಹೇಳೋಕಾಗಲ್ಲ.

ತಪ್ಪು ಎಲ್ಲಿ ಅಂತ ಹುಡುಕಿದಾಗ ಫಸ್ಟ್ ಇಯರ್ ಕೆಮಿಸ್ಟ್ರಿ ಲ್ಯಾಬ್ ನೆನಪಾಯ್ತು. ಇಡಿಟಿಎ ಟೈಟ್ರೇಷನ್ ಮಾಡಿ ನೀರಿನ ಗಡಸುತನ ಕಂಡುಹಿಡಿದಿದ್ವಿ ಅಲ್ವಾ? ಗಡಸುತನ ಅಂದ್ರೆ ಮುಖ್ಯವಾಗಿ ಕ್ಯಾಲ್ಸಿಯಂ, ಮೆಗ್ನೀಸಿಯಂ. ಬಸವನಹುಳದ ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್. ಮೊಟ್ಟೆಯಲ್ಲಿ ತಾಯಿ ಇಟ್ಟ ಕ್ಯಾಲ್ಸಿಯಂ ಮರಿ ಹೊರಬರೋ ತನಕ ಸಾಕು, ಆಮೇಲೆ ನೀರಿನಿಂದ, ಊಟದಿಂದ ಸಿಗಬೇಕು. ಆರ್‌ಒ ಯಂತ್ರ ಅದನ್ನೇ ತೆಗೆದುಹಾಕಿರುತ್ತೆ. ಜೊತೆಗೆ ಅಂಥ ನೀರು ಬೇಗ ಆಮ್ಲೀಯ ಆಗುತ್ತೆ, ಆಮ್ಲ ಚಿಪ್ಪನ್ನೇ ಕರಗಿಸುತ್ತೆ. ನಮಗೆ ಶುದ್ಧವಾಗಿದ್ದ ನೀರು ಅವಕ್ಕೆ ಉಪವಾಸ.

ಆಗ ಒಂದು ಸಣ್ಣ ಪ್ರಯೋಗ ಮಾಡಿದ್ವಿ. ಊರಿಗೆ ಹೋದಾಗ ಎಲ್ಲರೂ ಒಂದೊಂದು ಕಲ್ಲು ತಂದ್ವಿ: ಬಾಗಲಕೋಟೆಯ ಸುಣ್ಣದ ಕಲ್ಲು, ಬಾದಾಮಿಯ ಹೊಲದಿಂದ ಕೆಂಪು ಮರಳುಗಲ್ಲು, ಇಳಕಲ್‌ನ ಗ್ರಾನೈಟ್ ಚೂರು, ಹುನಗುಂದದ ಎರೆಹೊಲದಲ್ಲಿ ಸಿಗೋ ಬಿಳಿ ಸುಣ್ಣದ ಹರಳು. ಒಂದೊಂದನ್ನೂ ಸ್ವಲ್ಪ ಕೆರೆದು ಪುಡಿ ಮಾಡಿ ವಿನೆಗರ್ ಹಾಕಿದ್ವಿ. ಬಾಗಲಕೋಟೆದು, ಹುನಗುಂದದ್ದು ಬುಸುಬುಸು ಗುಳ್ಳೆ ಬಿಟ್ಟವು. ಬಾದಾಮಿ, ಇಳಕಲ್ ಕಲ್ಲು ಸುಮ್ಮನಿದ್ದವು. ಗುಳ್ಳೆ ಅಂದ್ರೆ ಕಾರ್ಬನ್ ಡೈಆಕ್ಸೈಡ್, ಅಂದ್ರೆ ಅಲ್ಲಿ ಕಾರ್ಬೊನೇಟ್ ಇದೆ. ಬಾಗಲಕೋಟೆಯಲ್ಲಿ ಸಿಮೆಂಟ್ ಕಾರ್ಖಾನೆ ಬಂದಿದ್ದೂ ಇದೇ ಸುಣ್ಣದ ಕಲ್ಲಿಗಾಗಿ. ಇಂಥ ಕಲ್ಲಿನ ಮೂಲಕ ಇಳಿದ ನೀರು ಸ್ವಲ್ಪ ಸುಣ್ಣ ಕರಗಿಸಿಕೊಂಡೇ ಬರುತ್ತೆ. ಬಕೆಟ್ಟಿಗೆ ಬಿಳಿ ಪದರ ಕಟ್ಟುತ್ತೆ, ಸೋಪು ನೊರೆ ಬರಲ್ಲ ಅಂತ ನಾವು ದಿನಾ ಬೈಯೋ ಬೋರ್‌ವೆಲ್ ನೀರು ಇದೆಯಲ್ಲ, ಬಸವನಹುಳ ಮನೆ ಕಟ್ಟೋದು ಅದರಿಂದಲೇ.

ಮೂರನೇ ಸಲ ರೂಮಿನ ಬೋರ್ ನೀರೇ ಹಾಕಿದ್ವಿ, ಚಿಪ್ಪು ಗಟ್ಟಿ ಬಂತು. ನಲ್ಲಿ ನೀರಾದ್ರೆ ಕ್ಲೋರಿನ್ ಹೋಗಲಿ ಅಂತ ಒಂದು ದಿನ ತೆರೆದಿಟ್ಟು ಬಳಸಿ. ಹೊಲದಿಂದ ತಂದ ಕಲ್ಲನ್ನ ಮಾತ್ರ ತೊಟ್ಟಿಗೆ ಹಾಕಬೇಡಿ, ಔಷಧಿ ಸಿಂಪಡಿಸಿದ ಜಾಗ ಆಗಿರಬಹುದು. ಅದರ ಬದಲು ಮೆಸ್ಸಿನಲ್ಲಿ ಸಿಗೋ ಕೋಳಿಮೊಟ್ಟೆ ಸಿಪ್ಪೆ ತೊಳೆದು, ಕುದಿಸಿ, ಪುಡಿ ಮಾಡಿ ಹಾಕಿ. ಪಕ್ಷಿಗಳಿಗೆ ಅಂತ ಮಾರೋ ಕಟಲ್‌ಬೋನ್ ಆದ್ರೂ ಸರಿ.

ಇನ್ನು ಕೆಲವು ವಿಷಯ ನೆನಪಿಡಿ. ಊಟಕ್ಕೆ ಬೇಯಿಸಿದ ಪಾಲಕ್, ಸೌತೆಕಾಯಿ ಸಾಕು. ಉಳಿದಿದ್ದನ್ನ ಅದೇ ದಿನ ತೆಗೆಯಿರಿ, ಇಲ್ಲಾಂದ್ರೆ ಅಮೋನಿಯಾ ಹೆಚ್ಚುತ್ತೆ. ತಾಮ್ರ ಇವಕ್ಕೆ ವಿಷ. ತಾಮ್ರದ ಕೊಡದ ನೀರು, ತಾಮ್ರ ಇರೋ ಮೀನಿನ ಔಷಧಿ ಎರಡೂ ಬೇಡ. ಫಿಲ್ಟರ್ ಬಾಯಿಗೆ ಸ್ಪಾಂಜ್ ಕಟ್ಟಿ. ನಮ್ಮ ಬೇಸಿಗೆಯಲ್ಲಿ ತೊಟ್ಟಿ ಸುತ್ತ ಒದ್ದೆ ಬಟ್ಟೆ ಸುತ್ತಿ ಫ್ಯಾನ್ ಹಾಕಿ, ಹರವಿಯ ನೀರು ತಣ್ಣಗಾಗೋ ತತ್ವವೇ ಇಲ್ಲೂ ಕೆಲಸ ಮಾಡುತ್ತೆ. ಆವಿಯಾಗಿ ಕಡಿಮೆಯಾದ ನೀರನ್ನ ಮಾತ್ರ ಆರ್‌ಒ ನೀರಿನಿಂದ ತುಂಬಿಸಬಹುದು, ಯಾಕಂದ್ರೆ ಲವಣ ತೊಟ್ಟಿಯಲ್ಲೇ ಉಳಿದಿರುತ್ತೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುವಾಗ ಬೋರ್ ನೀರು ಹಾಕಿ. ಬಸವನಹುಳ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯೋದು ಮರೀಬೇಡಿ.

ಕೊನೆಯದು, ಆದರೆ ಮೊದಲೇ ಯೋಚಿಸಬೇಕಾದದ್ದು. ಮೂರನೇ ಸಲ ನಮ್ಮ ಹತ್ರ 70ಕ್ಕೂ ಹೆಚ್ಚು ಮರಿ ಉಳಿದವು. ತೊಟ್ಟಿಯಲ್ಲಿ ಜಾಗ ಇಲ್ಲ. "ಭಾನುವಾರ ಬಾದಾಮಿಗೆ ಹೊಂಟೇವಲ್ಲ, ಅಗಸ್ತ್ಯ ತೀರ್ಥದಾಗ ಬಿಟ್ಟ ಬರೂಣು, ಪುಣ್ಯ ಬರ್ತದ" ಅಂದ ಒಬ್ಬ. ನಮಗೆಲ್ಲ ಸರಿ ಅನ್ನಿಸ್ತು, ಡಬ್ಬಿಗೂ ತುಂಬಿಸಿದ್ವಿ. ಬಾದಾಮಿಯವನೇ ಬೇಡ ಅಂದ. ಅವನು ಹೇಳಿದ್ದು ಸರಿ. ಇದೇ ಕುಲದ ಪೊಮೇಸಿಯಾ ಕ್ಯಾನಲಿಕ್ಯುಲೇಟಾವನ್ನ 1980ರ ಹೊತ್ತಿಗೆ ತಿನ್ನೋಕೆ ಅಂತ ತೈವಾನ್‌ಗೆ ತಂದ್ರು. ಅದು ತಪ್ಪಿಸಿಕೊಂಡು ಏಷ್ಯಾದ ಎಷ್ಟೋ ದೇಶಗಳ ಭತ್ತದ ಗದ್ದೆಗೆ ಪಿಡುಗಾಯ್ತು. 1847ರಲ್ಲಿ ಕೋಲ್ಕತ್ತಾಕ್ಕೆ ತಂದುಬಿಟ್ಟ ಆಫ್ರಿಕಾದ ದೊಡ್ಡ ಬಸವನಹುಳ ಇವತ್ತು ಕರ್ನಾಟಕದ ತೋಟಗಳನ್ನೂ ತಿನ್ನುತ್ತಿದೆ. ನಮ್ಮ ಹಳದಿ ಹುಳವೂ ಶ್ರೀಲಂಕಾದ ನೀರಿನಲ್ಲಿ ಈಗಾಗಲೇ ನೆಲೆಸಿದೆ. ಅಗಸ್ತ್ಯ ತೀರ್ಥ, ಮಲಪ್ರಭಾ, ಆಲಮಟ್ಟಿ ಹಿನ್ನೀರು ಯಾವುದೂ ನಮ್ಮ ಅಕ್ವೇರಿಯಂನ ಕಸದ ಬುಟ್ಟಿ ಅಲ್ಲ.

ಒಂದು ಗೊಂಚಲಿನಲ್ಲಿ 50ರಿಂದ 200 ಮೊಟ್ಟೆ ಇರಬಹುದು. ಹಾಗಾಗಿ ಗೊಂಚಲು ಕಂಡ ದಿನವೇ ಲೆಕ್ಕ ಹಾಕಿ: ಎಷ್ಟು ಮರಿಗೆ ಜಾಗ ಇದೆ, ಯಾರು ತಗೋತಾರೆ? ಬೇಕಾದಷ್ಟು ಭಾಗ ಇಟ್ಟುಕೊಂಡು ಉಳಿದದ್ದನ್ನ ಮೊದಲ ಎರಡು-ಮೂರು ದಿನದಲ್ಲೇ ಫ್ರೀಜರ್‌ನಲ್ಲಿ ಒಂದು ದಿನ ಇಟ್ಟು, ಆಮೇಲೆ ಕಸಕ್ಕೆ ಹಾಕಿ. ಕೇಳೋಕೆ ಕಟುವಾಗಿದೆ, ಆದರೆ ಬೆಳೆದ ಮರಿಗಳನ್ನ ಡಬ್ಬಿಗೆ ತುಂಬಿಕೊಂಡು ಕೆರೆ ಹುಡುಕೋದಕ್ಕಿಂತ ಒಳ್ಳೇದು.

ನಮ್ಮ 70ರಲ್ಲಿ ಈಗ 12 ನಮ್ಮ ಹತ್ರ ಇವೆ. ಉಳಿದವು ಅಕ್ವೇರಿಯಂ ಇರೋ ಗೆಳೆಯರ ಮನೆಗಳಿಗೆ ಹೋದವು, ಪ್ರತಿ ಡಬ್ಬಿಯ ಜೊತೆ ಎರಡು ಮಾತು: ಬೋರ್ ನೀರು ಹಾಕಿ, ಹೊರಗೆ ಬಿಡಬೇಡಿ. ಮೊನ್ನೆ ರಾತ್ರಿ ಮುಚ್ಚಳದ ಮೇಲೆ ಮತ್ತೊಂದು ಗುಲಾಬಿ ಗೊಂಚಲು ಬಂದಿದೆ. ನಿಮ್ಮಲ್ಲಿ ಯಾರಿಗಾದ್ರೂ ಮರಿ ಬೇಕಿದ್ರೆ ಈಗಲೇ ಹೇಳಿ. ಯಾರೂ ಹೇಳದಿದ್ರೆ ಈ ಸಲ ನಾವು ಮರಿ ಮಾಡಲ್ಲ.