ಬೆಳಕು ಬದಿಯಿಂದ ಬರಲಿ

ಶಿವಮೊಗ್ಗದಲ್ಲಿ ತುಂಗಾ ನದಿಯ ಕೂಗಳತೆಯಲ್ಲಿರುವ ಶಿವಪ್ಪನಾಯಕನ ಅರಮನೆಯ ಅಂಗಳದಲ್ಲಿ ವೀರಗಲ್ಲುಗಳಿವೆ. ನಡುಮಧ್ಯಾಹ್ನ ನೋಡಿದರೆ ಅವು ಬರೀ ಚಪ್ಪಡಿಗಳು. ಬೆಳಗಿನ ಓರೆ ಬಿಸಿಲು ಬಿದ್ದಾಗ ಅದೇ ಕಲ್ಲು ಕಥೆ ಹೇಳತೊಡಗುತ್ತದೆ: ಕೆಳಗಿನ ಪಟ್ಟಿಕೆಯಲ್ಲಿ ಆಯುಧ ಎತ್ತಿದ ವೀರ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ಅದೇ ವೀರ, ನೆತ್ತಿಯಲ್ಲಿ ಸೂರ್ಯ ಚಂದ್ರರು. ಕೆತ್ತನೆ ಆಳವಿಲ್ಲದ್ದು, ನೆರಳು ಬೀಳದೆ ಅದು ಕಣ್ಣಿಗೆ ಸಿಗುವುದಿಲ್ಲ. ಕಲಾ ಗ್ಯಾಲರಿಯ ವಿನ್ಯಾಸದ ಮೊದಲ ಪ್ರಶ್ನೆಯೂ ಇದೇ. ಕಟ್ಟಡದ ಹೊರರೂಪದ ಮಾತು ಆಮೇಲೆ. ಬೆಳಕು ಯಾವ ಕಡೆಯಿಂದ ಬರುತ್ತದೆ, ಮಳೆ ಎಲ್ಲಿಗೆ ನಿಲ್ಲುತ್ತದೆ ಎನ್ನುವುದು ಮೊದಲು ತೀರ್ಮಾನವಾಗಬೇಕು. ಶಿವಮೊಗ್ಗ, ಭದ್ರಾವತಿಗಳಿಗೆ ಹೊಸದೊಂದು ಸಾರ್ವಜನಿಕ ಕಲಾ ಗ್ಯಾಲರಿ ಕಟ್ಟುವುದಾದರೆ, ಅದರ ನಕ್ಷೆಗೆ ಬೇಕಾದ ಪಾಠ ಈ ಎರಡು ಊರುಗಳ ಹಳೆಯ ಕಟ್ಟಡಗಳಲ್ಲೇ ಸಿಗುತ್ತದೆ.

ಅರಮನೆಯಿಂದಲೇ ಶುರು ಮಾಡೋಣ. ಶಿವಪ್ಪನಾಯಕ ಕೆಳದಿಯ ಸಿಂಹಾಸನದಲ್ಲಿದ್ದದ್ದು ಹದಿನೇಳನೆಯ ಶತಮಾನದ ನಡುವಿನಲ್ಲಿ. ಈಗ ಉಳಿದಿರುವ ಕಟ್ಟಡ ಹೈದರಾಲಿಯ ಕಾಲದ್ದು ಎಂಬ ವಾದವೂ ಇದೆ. ಯಾರ ಕಾಲದ್ದಾದರೂ ಕಟ್ಟಿದವರಿಗೆ ಮಲೆನಾಡಿನ ಅಂಚಿನ ಹವೆ ಚೆನ್ನಾಗಿ ಗೊತ್ತಿತ್ತು. ದಪ್ಪ ಮರದ ಕಂಬಗಳ ಎತ್ತರದ ದರ್ಬಾರು ಹಜಾರ, ಅದನ್ನು ಮೇಲಿನಿಂದ ನೋಡುವ ಮಹಡಿ, ಇಳಿಜಾರಾದ ಹೆಂಚಿನ ಸೂರು. ಹಜಾರದೊಳಕ್ಕೆ ಬಿಸಿಲು ನೇರವಾಗಿ ಬೀಳುವುದಿಲ್ಲ, ಬದಿಯಿಂದ ಸೋಸಿ ಬರುತ್ತದೆ. ಸುಮಾರು ಇಪ್ಪತ್ತು ಕಿಲೋಮೀಟರ್ ಆಚೆ, ಭದ್ರಾವತಿಯ ಹಳೇನಗರದ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಇದೇ ತಿಳಿವಳಿಕೆ ಕಲ್ಲಿನಲ್ಲಿದೆ. ಹದಿಮೂರನೆಯ ಶತಮಾನದ ಈ ಹೊಯ್ಸಳ ತ್ರಿಕೂಟದ ಗೋಡೆ ಮಡಿಕೆ ಮಡಿಕೆಯಾಗಿ ಒಳಹೊರಗೆ ತಿರುಗುತ್ತದೆ. ದಿನದ ಯಾವ ಹೊತ್ತಿನಲ್ಲೂ ಒಂದಲ್ಲ ಒಂದು ಮುಖಕ್ಕೆ ಓರೆ ಬೆಳಕು ಸಿಗುತ್ತದೆ. ಮೇಲೆ ಚಾಚಿದ ಕಲ್ಲಿನ ಸೂರು ಶಿಲ್ಪದ ತಲೆಯ ಮೇಲೆ ನೆರಳು ಹಿಡಿಯುತ್ತದೆ. ಗ್ಯಾಲರಿ ಎಂಬ ಪದ ನಮ್ಮಲ್ಲಿಗೆ ಬರುವ ಎಷ್ಟೋ ಮೊದಲೇ ಶಿಲ್ಪವನ್ನು ತೋರಿಸುವ ಕಟ್ಟಡ ಹೇಗಿರಬೇಕೆಂದು ಇಲ್ಲಿನ ಶಿಲ್ಪಿಗಳು ಯೋಚಿಸಿ ಮುಗಿಸಿದ್ದರು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಕಲ್ಲು ಬಿಸಿಲನ್ನು ತಾಳುತ್ತದೆ, ಕಾಗದ ತಾಳುವುದಿಲ್ಲ. ಜಲವರ್ಣ, ಛಾಯಾಚಿತ್ರ, ಬಟ್ಟೆಗಳಿಗೆ 50 ಲಕ್ಸ್, ತೈಲಚಿತ್ರಗಳಿಗೆ 200 ಲಕ್ಸ್ ಮೀರದ ಬೆಳಕು ಇರಬೇಕೆಂಬುದು ವಸ್ತುಸಂಗ್ರಹಾಲಯಗಳು ಬಹುಕಾಲದಿಂದ ಪಾಲಿಸುತ್ತಿರುವ ಲೆಕ್ಕ. ಮಳೆಗಾಲದ ಥಂಡಿಗೆ ಬೂಷ್ಟು ಹಿಡಿಯುವ ಊರಿನಲ್ಲಿ ತೆರೆದ ಹಜಾರವನ್ನು ನಂಬುವುದು ಹೇಗೆ? ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರ ಫೆಬ್ರುವರಿಯಲ್ಲಿ ತೆರೆದ ಮ್ಯಾಪ್ ಕಲಾ ಸಂಗ್ರಹಾಲಯ ಕೊಟ್ಟ ಉತ್ತರ ಮುಚ್ಚಿದ ಪೆಟ್ಟಿಗೆಯದು. ಮ್ಯಾಥ್ಯೂ ಅಂಡ್ ಘೋಷ್ ವಾಸ್ತುಶಿಲ್ಪಿಗಳು ಅದಕ್ಕೆ ಉಬ್ಬು ಅಚ್ಚಿನ ಉಕ್ಕಿನ ಹಲಗೆಗಳನ್ನು ಹೊದಿಸಿ ನೀರಿನ ಟ್ಯಾಂಕಿನ ರೂಪ ತಂದರು. ವಾಹನದಟ್ಟಣೆಯ ರಸ್ತೆಯಲ್ಲಿ, ಇಕ್ಕಟ್ಟಿನ ನಿವೇಶನದಲ್ಲಿ ಆ ಉತ್ತರ ಸರಿಯೇ. ಅದನ್ನು ಇಲ್ಲಿಗೆ ಎತ್ತಿ ತಂದರೆ ಇಡೀ ಕಟ್ಟಡವನ್ನು ವರ್ಷವಿಡೀ ಹವಾನಿಯಂತ್ರಣದಲ್ಲಿಡಬೇಕು. ಆ ವಿದ್ಯುತ್ ಬಿಲ್ಲು ಜಿಲ್ಲಾ ಮಟ್ಟದ ಸಾರ್ವಜನಿಕ ಸಂಸ್ಥೆಯನ್ನು ಕೆಲವೇ ವರ್ಷಗಳಲ್ಲಿ ಹೈರಾಣು ಮಾಡುತ್ತದೆ. ಮಲೆನಾಡಿನ ಮನೆಯಲ್ಲಿ ಇದಕ್ಕೊಂದು ದಾರಿ ಇದೆ. ಜಗಲಿಯಿಂದ ನಡುಮನೆಗೆ, ನಡುಮನೆಯಿಂದ ಒಳಕೋಣೆಗೆ ಹೋದಂತೆ ಬೆಳಕು ಒಂದೊಂದು ಮೆಟ್ಟಿಲು ಇಳಿಯುತ್ತದೆ. ಗ್ಯಾಲರಿಯೂ ಹಾಗೇ ಇರಲಿ. ಕಲ್ಲು, ಲೋಹ ಜಗಲಿಯಲ್ಲಿ. ಸಾಗರ, ಸೊರಬದ ಗುಡಿಗಾರರ ಕೆತ್ತನೆ ನಡುಮನೆಯಲ್ಲಿ. ಕಾಗದ, ಬಟ್ಟೆ ಒಳಕೋಣೆಯಲ್ಲಿ. ತಂಪು, ತೇವ ಎರಡನ್ನೂ ಯಂತ್ರದಿಂದ ಕಾಯಬೇಕಾದದ್ದು ಆ ಒಳಕೋಣೆಯೊಂದನ್ನೇ. ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಿಂದ ಬರೆಯುವ ಚಿತ್ತಾರಕ್ಕಂತೂ ಚೌಕಟ್ಟು ಬೇಡ, ಸೂರಿನಡಿಯ ಗೋಡೆ ಸಾಕು.

ಯುರೋಪಿನ ಪಠ್ಯ ಹಿಡಿದು ನಕ್ಷೆ ಬರೆಯುವವರು ಇನ್ನೊಂದು ಕಡೆಯೂ ಎಡವಬಹುದು. ಚಿತ್ರಶಾಲೆಯ ಕಿಟಕಿ ಉತ್ತರಕ್ಕಿರಬೇಕು, ಅಲ್ಲಿಂದ ಬಿಸಿಲು ಬಾರದೆ ಸಮನಾದ ಬೆಳಕು ಬರುತ್ತದೆ ಎಂಬುದು ಅಲ್ಲಿನ ನಿಯಮ. ಶಿವಮೊಗ್ಗ ಇರುವುದು ಹೆಚ್ಚುಕಡಿಮೆ 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ಇಲ್ಲಿ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಜೂನ್ ಕಳೆದ ಮೇಲೆ ಮೋಡ ಕಾಯುತ್ತದೆ, ಮೇ ತಿಂಗಳಲ್ಲಿ ಯಾರೂ ಕಾಯುವುದಿಲ್ಲ. ಆದ್ದರಿಂದ ಉತ್ತರದ ಕಿಟಕಿಗೂ ಉದ್ದನೆಯ ಸೂರು ಬೇಕು. ಅರಮನೆ ಕಟ್ಟಿದ ಬಡಗಿಗೆ ಅಕ್ಷಾಂಶದ ಲೆಕ್ಕ ತಿಳಿದಿತ್ತೋ ಇಲ್ಲವೋ, ಸೂರನ್ನು ಎಷ್ಟು ಚಾಚಬೇಕೆಂದು ತಿಳಿದಿತ್ತು. ಮರಕ್ಕೆ ಗೆದ್ದಲಿನ ಕಾಟ, ಬೆಂಕಿಯ ಭಯ ಎನ್ನುವವರ ಮಾತನ್ನು ಒಪ್ಪಲೇಬೇಕು. ಹೊಸ ಕಂಬಗಳು ಉಕ್ಕಿನವೇ ಆಗಲಿ. ಅರಮನೆಯಿಂದ ಕಲಿಯಬೇಕಾದದ್ದು ಹಜಾರದ ಎತ್ತರ, ಸೂರಿನ ಚಾಚು, ಗಾಳಿಯ ದಾರಿ.

ಉಕ್ಕು ಎಂದ ಮೇಲೆ ಭದ್ರಾವತಿಯನ್ನು ಬಿಟ್ಟು ಮಾತಾಡಲಾಗದು. ಬೆಂಕಿಪುರ ಎಂಬ ಹಳೆಯ ಹೆಸರಿನ ಈ ಊರಿನಲ್ಲಿ ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕಬ್ಬಿಣ ಹೊರತೆಗೆಯಿತು. 1936ರಲ್ಲಿ ಕಾಗದ ಕಾರ್ಖಾನೆ ಎಂಪಿಎಂ ಸ್ಥಾಪನೆಯಾಯಿತು. ಲಂಡನ್ನಿನಲ್ಲಿ ನಿಂತುಹೋದ ವಿದ್ಯುತ್ ಸ್ಥಾವರವೊಂದು 2000ದಲ್ಲಿ ಟೇಟ್ ಮಾಡರ್ನ್ ಆದಂತೆ, ಸದ್ದಡಗಿರುವ ಎಂಪಿಎಂನ ದೊಡ್ಡ ಶೆಡ್ಡುಗಳೇ ಗ್ಯಾಲರಿಯಾಗಲಿ ಎಂಬ ಯೋಚನೆ ಸುಲಭವಾಗಿ ಹುಟ್ಟುತ್ತದೆ. ಅದು ಸಲ್ಲದು. 2023ರಲ್ಲಿ ಆ ಕಬ್ಬಿಣದ ಕಾರ್ಖಾನೆಯನ್ನು, ಅಂದರೆ ಈಗಿನ ವಿಐಎಸ್‌ಎಲ್ ಅನ್ನು ಉಳಿಸಿ ಎಂದು ಗುತ್ತಿಗೆ ಕಾರ್ಮಿಕರು ಧರಣಿ ಕೂತ ಊರು ಇದು. ಕಾಗದದ ಯಂತ್ರ ಮತ್ತೆ ತಿರುಗೀತೆಂದು ಕಾಯುವ ಮನೆಗಳಿರುವಾಗ ಆ ಶೆಡ್ಡಿಗೆ ಚಿತ್ರ ತೂಗುಹಾಕಿದರೆ ಕಾರ್ಖಾನೆ ಸತ್ತಿತೆಂದು ಸಾರಿದ ಹಾಗೆ. ಶೆಡ್ಡುಗಳಿಂದ ತೆಗೆದುಕೊಳ್ಳಬೇಕಾದದ್ದು ಕಟ್ಟುವ ಬಗೆಯನ್ನು ಮಾತ್ರ: ನಡುವೆ ಕಂಬವಿಲ್ಲದೆ ಅಗಲಕ್ಕೆ ಹಾಸುವ ಉಕ್ಕಿನ ಟ್ರಸ್ಸು. ಅರಮನೆಯ ಸೂರಿಗೆ ಕಾರ್ಖಾನೆಯ ಟ್ರಸ್ಸು ಕೂಡಿದರೆ ಅದು ಬೇರೆ ಯಾವ ಊರಿನಲ್ಲೂ ಹುಟ್ಟಲಾರದ ಕಟ್ಟಡ.

ನಗರಕ್ಕೆ ಗುರುತಾಗುವ ಆಕಾರ ಬೇಡವೇ ಎಂದು ಕೇಳಬಹುದು. ಶಿವಮೊಗ್ಗದ ಸೋಗಾನೆಯ ವಿಮಾನ ನಿಲ್ದಾಣ ಸಿದ್ಧವಾಗುತ್ತಿದ್ದಾಗ ಅದರ ಕಮಲದಾಕಾರದ ಬಗ್ಗೆ ನಡೆದಷ್ಟು ಚರ್ಚೆ ಒಳಗಿನ ಅನುಕೂಲದ ಬಗ್ಗೆ ನಡೆಯಲಿಲ್ಲ. ವಿಮಾನದಿಂದ ನೋಡುವವರಿಗೆ ಆಕಾರ ಕಾಣುತ್ತದೆ. ಗ್ಯಾಲರಿಗೆ ಬರುವವರು ಶಾಲೆಯ ಮಕ್ಕಳು, ಬಸ್ಸಿಳಿದು ನಡೆದು ಬರುವ ಹಳ್ಳಿಯವರು. ಅವರಿಗೆ ಮಳೆಯಲ್ಲಿ ಕೊಡೆ ಮಡಚಿ ನಿಲ್ಲಲು ಜಾಗ ಬೇಕು, ಟಿಕೆಟಿಲ್ಲದೆ ಕೂರಬಲ್ಲ ಕಟ್ಟೆ ಬೇಕು. ಆ ಜಗಲಿಯನ್ನು ಪೂರ್ವಕ್ಕೆ ತೆರೆದು, ಅರಮನೆಯ ಅಂಗಳದಲ್ಲಿ ಮಳೆಗೆ ನೆನೆಯುವ ವೀರಗಲ್ಲುಗಳಲ್ಲಿ ಕೆಲವನ್ನಾದರೂ ಅಲ್ಲಿ ನಿಲ್ಲಿಸಿದರೆ, ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಓರೆ ಬಿಸಿಲು ಅಪ್ಸರೆಯರ ಪಟ್ಟಿಕೆಯವರೆಗೆ ಬಂದಿರುತ್ತದೆ.