ಬಿಝಡ್ ದಕ್ಷಿಣಕ್ಕೆ ತಿರುಗಿತೇ?

2024ರ ಮೇ 10, ಅಕ್ಷಯ ತದಿಗೆಯ ದಿನ. ರಾತ್ರಿ ಹತ್ತೂವರೆಯ ಸುಮಾರಿಗೆ ಭೂಮಿಗೆ ಒಂದು ಪೆಟ್ಟು ಬಿತ್ತು. ಊಟ ಮುಗಿಸಿ ಮಲಗಲು ಹೊರಟವರಿಗೆ ಏನೂ ತಿಳಿಯಲಿಲ್ಲ. ಆದರೆ ಜಗತ್ತಿನ ಕಾಂತಮಾಪಕಗಳ ಗೆರೆಗಳು ಒಟ್ಟಿಗೇ ಚಂಗನೆ ಜಿಗಿದವು. ಸೂರ್ಯ ಎರಡು ದಿನ ಮೊದಲು ಉಗುಳಿದ್ದ ಪ್ಲಾಸ್ಮಾ ಮೋಡಗಳು ಭೂಮಿಯ ಕಾಂತಕವಚಕ್ಕೆ ಬಂದು ಅಪ್ಪಳಿಸಿದ್ದವು. ಕೆಲವೇ ಗಂಟೆಗಳಲ್ಲಿ ಅದು ‘ಜಿ5’ ದರ್ಜೆಯ ಭೂಕಾಂತ ಬಿರುಗಾಳಿಯಾಯಿತು. ಐದು ಮೆಟ್ಟಿಲುಗಳ ಈ ಏಣಿಯಲ್ಲಿ ಅದೇ ಕೊನೆಯದು. 2003ರ ಅಕ್ಟೋಬರ್ ನಂತರ ಯಾವ ಬಿರುಗಾಳಿಯೂ ಅಲ್ಲಿಗೆ ಏರಿರಲಿಲ್ಲ.

ಲಡಾಖಿನ ಹಾನ್ಲೆಯಲ್ಲಿ ತದಿಗೆಯ ಎಳೆಚಂದ್ರ ಬೇಗನೆ ಮುಳುಗಿ ಆಕಾಶ ಕಪ್ಪಗಿತ್ತು. ಅಲ್ಲಿನ ವೀಕ್ಷಣಾಲಯವನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಇಡೀ ಆಕಾಶವನ್ನು ರಾತ್ರಿಯೆಲ್ಲ ಚಿತ್ರಿಸುವ ಅಲ್ಲಿನ ಕ್ಯಾಮೆರಾಗಳಲ್ಲಿ ನಡುರಾತ್ರಿಯ ನಂತರ ಬೆಟ್ಟಗಳ ಹಿಂದಿನಿಂದ ಕೆಂಬಣ್ಣ ಮೂಡಿಬಂತು. ಉತ್ತರ ಧ್ರುವದ ಆಸುಪಾಸಿನಲ್ಲಿ ಕಾಣುವ ‘ಧ್ರುವಪ್ರಭೆ’ ಎಂಬ ಬೆಳಕು ಭಾರತದ ದಿಗಂತಕ್ಕೆ ಬಂದಿತ್ತು.

ಈ ಪೆಟ್ಟಿಗಾಗಿಯೇ ಕಾದು ಕೂತವರ ದೊಡ್ಡದೊಂದು ಪಂಗಡ ಜಗತ್ತಿನಲ್ಲಿದೆ. ಇವರಲ್ಲಿ ಹೆಚ್ಚಿನವರಿಗೆ ಖಗೋಳವಿಜ್ಞಾನದ ಪದವಿ ಇಲ್ಲ. ಶಿಕ್ಷಕರು, ಚಾಲಕರು, ಛಾಯಾಗ್ರಾಹಕರು, ನಿವೃತ್ತರು. ಆ ವಾರದ ಆರಂಭದಿಂದಲೇ ಅವರ ಕಣ್ಣು ಸೂರ್ಯನ ಮೇಲಿನ ಒಂದು ಕಪ್ಪು ಗುಂಪಿನ ಮೇಲೆ ನೆಟ್ಟಿತ್ತು. ‘3664’ ಎಂಬ ಸಂಖ್ಯೆಯ ಆ ಸೌರಕಲೆಗಳ ಸಮೂಹ ಸುಮಾರು ಎರಡು ಲಕ್ಷ ಕಿಲೋಮೀಟರ್ ಉದ್ದಕ್ಕೆ ಹರಡಿತ್ತು. ಹದಿನೈದು ಭೂಮಿಗಳನ್ನು ಸಾಲಾಗಿ ಇಟ್ಟಷ್ಟು ಅಗಲ. ಏಪ್ರಿಲ್ 8ರ ಸಂಪೂರ್ಣ ಸೂರ್ಯಗ್ರಹಣಕ್ಕೆ ಕೊಂಡಿದ್ದ ಕನ್ನಡಕಗಳು ಅಮೆರಿಕದ ಮನೆಗಳಲ್ಲಿ ಇನ್ನೂ ಇದ್ದವು. ಅವನ್ನು ತೊಟ್ಟು ನೋಡಿದರೆ ದೂರದರ್ಶಕವಿಲ್ಲದೆಯೇ ಆ ಕಲೆ ಕಾಣುತ್ತಿತ್ತು.

ಜ್ವಾಲೆಯ ದರ್ಜೆ

ಸೌರಕಲೆ ಎಂದರೆ ಸೂರ್ಯನ ಮೇಲ್ಮೈಯಲ್ಲಿ ಕಾಂತಕ್ಷೇತ್ರ ಅತಿಯಾಗಿ ದಟ್ಟೈಸಿದ ಜಾಗ. ಒಳಗಿನ ಬಿಸಿ ಮೇಲೆ ಬರಲು ಆ ಕ್ಷೇತ್ರ ಅಡ್ಡಿಪಡಿಸುವುದರಿಂದ ಅಲ್ಲಿ ತಾಪ ಕಡಿಮೆ. ಸುತ್ತಲಿನ ಪ್ರಖರತೆಯ ಮುಂದೆ ಅದು ಕಪ್ಪಾಗಿ ತೋರುತ್ತದೆ. ಕಾಂತರೇಖೆಗಳು ತಿರುಚಿಕೊಂಡು, ಬಿಗಿದು, ಹಠಾತ್ತನೆ ಬೇರೊಂದು ರೀತಿಯಲ್ಲಿ ಜೋಡಣೆಗೊಂಡಾಗ ಕೂಡಿಟ್ಟ ಶಕ್ತಿ ಒಮ್ಮೆಲೇ ಹೊರಬೀಳುತ್ತದೆ. ಅದೇ ಸೌರಜ್ವಾಲೆ. ಅದರ ಎಕ್ಸ್‌ಕಿರಣಗಳನ್ನು ಅಮೆರಿಕದ ಗೋಸ್ ಉಪಗ್ರಹಗಳು ಅಳೆದು ಎ, ಬಿ, ಸಿ, ಎಂ, ಎಕ್ಸ್ ಎಂದು ದರ್ಜೆ ಕೊಡುತ್ತವೆ. ಒಂದೊಂದು ಅಕ್ಷರ ಏರಿದಂತೆ ತೀವ್ರತೆ ಹತ್ತು ಪಟ್ಟು. ಎಕ್ಸ್‌ ಆಚೆಗೆ ಅಕ್ಷರವಿಲ್ಲ, ಬರೀ ಸಂಖ್ಯೆ ಬೆಳೆಯುತ್ತದೆ. 3664 ಆ ವಾರ ಒಂದರ ಹಿಂದೊಂದು ಎಕ್ಸ್ ಜ್ವಾಲೆಗಳನ್ನು ಕಾರಿತು. ಮೇ 14ರಂದು ಸೂರ್ಯನ ಅಂಚಿಗೆ ಸರಿಯುತ್ತಿದ್ದಾಗ ಎಸೆದದ್ದು ಎಕ್ಸ್8.7.

ಈ ನೋಟಕ್ಕೆ ಹವ್ಯಾಸಿಗಳು ಹೊಸಬರಲ್ಲ. ಸೌರವಿಜ್ಞಾನದ ಅಡಿಪಾಯದ ಕಲ್ಲುಗಳನ್ನು ಇಟ್ಟವರಲ್ಲಿ ಅವರೂ ಇದ್ದಾರೆ. ಜರ್ಮನಿಯ ಡೆಸಾವು ಪಟ್ಟಣದಲ್ಲಿ ಔಷಧದಂಗಡಿ ನಡೆಸುತ್ತಿದ್ದ ಹೈನ್ರಿಕ್ ಶ್ವಾಬೆ, ಬುಧನಿಗಿಂತ ಒಳಗೆ ಒಂದು ಗ್ರಹವಿದೆಯೇ ಎಂದು ಹುಡುಕಲು 1826ರಲ್ಲಿ ಸೂರ್ಯನ ಕಲೆಗಳನ್ನು ಗುರುತಿಸತೊಡಗಿದರು. ಗ್ರಹ ಸಿಗಲಿಲ್ಲ. ಆದರೆ ಕಲೆಗಳು ಸುಮಾರು ಹತ್ತು ವರ್ಷಕ್ಕೊಮ್ಮೆ ಹೆಚ್ಚಿ ಇಳಿಯುತ್ತವೆ ಎಂಬುದು ಅವರ ಪುಸ್ತಕಗಳಿಂದ ಎದ್ದು ಬಂತು. 1843ರಲ್ಲಿ ಅದನ್ನು ಪ್ರಕಟಿಸಿದರು. ಇಂದು ನಾವು ಹನ್ನೊಂದು ವರ್ಷದ ಸೌರಚಕ್ರ ಎನ್ನುವುದು ಅದನ್ನೇ.

ಮೊದಲ ಸೌರಜ್ವಾಲೆಯನ್ನು ಕಂಡದ್ದೂ ಸ್ವಂತ ದುಡ್ಡಿನಲ್ಲಿ ಆಕಾಶ ನೋಡುತ್ತಿದ್ದವರೇ. ಮದ್ಯ ತಯಾರಿಸುವ ಮನೆತನದ ರಿಚರ್ಡ್ ಕ್ಯಾರಿಂಗ್ಟನ್ ಇಂಗ್ಲೆಂಡಿನ ರೆಡ್‌ಹಿಲ್‌ನಲ್ಲಿ ತಾವೇ ಕಟ್ಟಿಕೊಂಡ ವೀಕ್ಷಣಾಲಯದಲ್ಲಿ 1859ರ ಸೆಪ್ಟೆಂಬರ್ 1ರ ಬೆಳಗ್ಗೆ ಸೂರ್ಯನ ಬಿಂಬವನ್ನು ಹಲಗೆಯ ಮೇಲೆ ಬೀಳಿಸಿ ಕಲೆಗಳನ್ನು ಬರೆದುಕೊಳ್ಳುತ್ತಿದ್ದರು. 11 ಗಂಟೆ 18 ನಿಮಿಷಕ್ಕೆ ದೊಡ್ಡ ಕಲೆಯೊಂದರ ಮೇಲೆ ಎರಡು ಬಿಳಿ ಬೆಳಕಿನ ತೇಪೆಗಳು ಫಕ್ಕನೆ ಹೊತ್ತಿಕೊಂಡವು. ಸಾಕ್ಷಿಗೆ ಯಾರನ್ನಾದರೂ ಕರೆಯಲು ಓಡಿ ಒಂದು ನಿಮಿಷದೊಳಗೆ ಮರಳುವಷ್ಟರಲ್ಲಿ ಅವು ಮಂಕಾಗಿದ್ದವು. ಐದು ನಿಮಿಷದಲ್ಲಿ ಎಲ್ಲ ಮಾಯ. ಅದೃಷ್ಟಕ್ಕೆ ಲಂಡನ್ನಿನ ಹೈಗೇಟ್‌ನಲ್ಲಿ ರಿಚರ್ಡ್ ಹಾಡ್ಜ್‌ಸನ್ ಎಂಬ ಇನ್ನೊಬ್ಬ ಹವ್ಯಾಸಿಯೂ ಅದನ್ನೇ ಕಂಡಿದ್ದರು. ಸುಮಾರು ಹದಿನೇಳೂವರೆ ಗಂಟೆಗಳ ನಂತರ ಭೂಮಿಯನ್ನು ಮುಟ್ಟಿದ ಬಿರುಗಾಳಿಯಲ್ಲಿ ತಂತಿ ಕಚೇರಿಗಳು ತತ್ತರಿಸಿದವು. ಅದರ ಬಲವನ್ನು ಇಂದು ನಾವು ಅಂದಾಜು ಮಾಡುವುದಕ್ಕೆ ಸಿಕ್ಕಿರುವ ಅತ್ಯಮೂಲ್ಯ ದಾಖಲೆ ನಮ್ಮ ನಾಡಿನದು: ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಕಾಂತಮಾಪಕದಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 1600 ನ್ಯಾನೋಟೆಸ್ಲಾ ಕುಸಿದದ್ದು ದಾಖಲಾಗಿದೆ.

ತಾರಸಿಯ ಮೇಲಿನ ತಂತಿಸುರುಳಿ

ಧ್ರುವಪ್ರಭೆ ಕಾಣಲು ಊರಿನ ಅಕ್ಷಾಂಶ ಮುಖ್ಯ. ಸೌರಜ್ವಾಲೆಗೆ ಆ ತಾರತಮ್ಯವಿಲ್ಲ. ಅದರ ಎಕ್ಸ್‌ಕಿರಣಗಳು ಬೆಳಕಿನ ಜೊತೆಗೇ ಎಂಟು ನಿಮಿಷ ಚಿಲ್ಲರೆಯಲ್ಲಿ ಬಂದು, ಹಗಲಿರುವ ಭೂಭಾಗದ ಮೇಲೆಲ್ಲ ಬೀಳುತ್ತವೆ. ಸೂರ್ಯ ನೆತ್ತಿಯ ಮೇಲಿದ್ದಲ್ಲಿ ಪರಿಣಾಮ ಇನ್ನೂ ಜೋರು. ನೆಲದಿಂದ 60–90 ಕಿಲೋಮೀಟರ್ ಎತ್ತರದ ‘ಡಿ ಪದರ’ದಲ್ಲಿ ಅವು ಗಾಳಿಯ ಕಣಗಳಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತು ಪದರವನ್ನು ದಟ್ಟವಾಗಿಸುತ್ತವೆ. ಆಗ ಹ್ಯಾಮ್ ರೇಡಿಯೊದವರ ಶಾರ್ಟ್‌ವೇವ್ ಸಂಭಾಷಣೆ ನಡುವೆಯೇ ಕಟ್ಟಾಗುತ್ತದೆ. ಅದೇ ಹೊತ್ತಿಗೆ ಅತಿ ಕಡಿಮೆ ಕಂಪನಾಂಕದ ಅಲೆಗಳು ಸಾಮಾನ್ಯವಾಗಿ ಇನ್ನಷ್ಟು ಬಲವಾಗಿ ಕೇಳಿಸತೊಡಗುತ್ತವೆ.

ಹವ್ಯಾಸಿಗಳು ಹಿಡಿದುಕೊಂಡಿರುವುದು ಇದೇ ಜುಟ್ಟನ್ನು. ಮರದ ಚೌಕಟ್ಟಿಗೆ ತಾಮ್ರದ ತಂತಿಯನ್ನು ಹತ್ತಾರು ಸುತ್ತು ಸುತ್ತಿ ಆಂಟೆನಾ ಮಾಡಿ, ಸಣ್ಣದೊಂದು ವರ್ಧಕದ ಮೂಲಕ ಕಂಪ್ಯೂಟರಿನ ಸೌಂಡ್ ಕಾರ್ಡಿಗೆ ಜೋಡಿಸುತ್ತಾರೆ. ನೌಕಾಪಡೆಗಳು ಸಮುದ್ರದಾಳದ ಸಬ್‌ಮರೀನ್‌ಗಳಿಗೆ ಸಂದೇಶ ಕಳಿಸಲು ಹಗಲೂ ರಾತ್ರಿ ಬಿತ್ತರಿಸುವ ಸಂಕೇತವೇ ಇವರ ಕಚ್ಚಾವಸ್ತು. ಸಂದೇಶದಲ್ಲಿ ಏನಿದೆ ಎಂಬುದು ಇವರಿಗೆ ಬೇಕಿಲ್ಲ, ಸದ್ದಿನ ಮಟ್ಟ ಮಾತ್ರ ಸಾಕು. ನಮ್ಮ ಭಾಗಕ್ಕೆ ತೀರಾ ಹತ್ತಿರದ ಪ್ರಸಾರವೆಂದರೆ ತಿರುನೆಲ್ವೇಲಿ ಬಳಿಯ ಭಾರತೀಯ ನೌಕಾಪಡೆಯ ‘ವಿಟಿಎಕ್ಸ್’, 18.2 ಕಿಲೋಹರ್ಟ್ಸ್‌ನಲ್ಲಿ. ಶಾಂತ ದಿನದ ನಕ್ಷೆ ಸೂರ್ಯೋದಯಕ್ಕೆ ಒಂದು ಕುಳಿ, ಸೂರ್ಯಾಸ್ತಕ್ಕೆ ಇನ್ನೊಂದು ಕುಳಿ ತೋರಿಸಿ ನಡುವೆ ನಯವಾಗಿ ಸಾಗುತ್ತದೆ. ಜ್ವಾಲೆ ಹೊತ್ತಿದಾಗ ಗೆರೆ ಕೆಲವೇ ನಿಮಿಷಗಳಲ್ಲಿ ಕಡಿದಾಗಿ ಏರಿ, ಗಂಟೆಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ಮೋಡ ಕವಿದಿದ್ದರೂ ಮಳೆ ಸುರಿಯುತ್ತಿದ್ದರೂ ಇದಕ್ಕೆ ಬಾಧಕವಿಲ್ಲ.

ಬಂದರೂ ಬಾರದ ಬಿರುಗಾಳಿ

ಜ್ವಾಲೆ ಎಷ್ಟೇ ದೊಡ್ಡದಿರಲಿ, ಧ್ರುವಪ್ರಭೆಯನ್ನು ಬೆಳಗಿಸುವುದು ಅದಲ್ಲ. ಅದರ ಜೊತೆಗೆ ಕೆಲವೊಮ್ಮೆ ಹೊರಡುವ ಪ್ಲಾಸ್ಮಾ ಮೋಡವನ್ನು ಕರೋನಲ್ ಮಾಸ್ ಇಜೆಕ್ಷನ್, ಚುಟುಕಾಗಿ ‘ಸಿಎಂಇ’, ಎನ್ನುತ್ತಾರೆ. ನೂರು ಕೋಟಿ ಟನ್‌ಗೂ ಮೀರಿದ ದ್ರವ್ಯ, ತನ್ನದೇ ಕಾಂತಕ್ಷೇತ್ರವನ್ನು ಹೊತ್ತು ಸಾಗುತ್ತದೆ. ಇದನ್ನು ನೋಡಬೇಕಾದರೆ ಸೂರ್ಯನ ಬಿಂಬವನ್ನು ಮರೆಮಾಡಿ ಸುತ್ತಲಿನ ಕರೋನಾವನ್ನಷ್ಟೇ ಹಿಡಿಯುವ ಕರೋನಾಗ್ರಾಫ್ ಬೇಕು. 1995ರಲ್ಲಿ ಹಾರಿದ ಸೋಹೊ ನೌಕೆಯಲ್ಲಿ ಅದಿದೆ. ನಮ್ಮ ಆದಿತ್ಯ-ಎಲ್1ರಲ್ಲಿರುವ ‘ವೆಲ್ಕ್’ ಉಪಕರಣವೂ ಅದೇ ಜಾತಿಯದು. ಅದು ಸಿದ್ಧಗೊಂಡದ್ದು ಭಾರತೀಯ ಖಭೌತ ಸಂಸ್ಥೆಯ ಹೊಸಕೋಟೆ ಆವರಣದಲ್ಲಿ.

ಮೋಡ ನಮ್ಮತ್ತ ಹೊರಟರೆ ಕರೋನಾಗ್ರಾಫಿನಲ್ಲಿ ಅದು ಸೂರ್ಯನ ಸುತ್ತ ಉಂಗುರದಂತೆ ಅರಳುತ್ತದೆ. ಅದನ್ನು ನೋಡಿದ ಗಳಿಗೆಯಿಂದ ಲೆಕ್ಕಾಚಾರ ಶುರು. ವೇಗ ಎಷ್ಟು? ಒಂದು ದಿನ ಬೇಕೇ, ಮೂರು ದಿನವೇ? ಮೇ 2024ರಲ್ಲಿ ಒಂದರ ಬೆನ್ನಿಗೆ ಒಂದರಂತೆ ಕನಿಷ್ಠ ಐದು ಮೋಡಗಳು ಭೂಮಿಯ ಕಡೆಗೆ ಹೊರಟಿದ್ದವು. ಹಿಂದಿನವು ಮುಂದಿನವನ್ನು ಬೆನ್ನಟ್ಟಿ ಕೂಡಿಕೊಂಡವು. ಪೆಟ್ಟು ಅಷ್ಟು ಬಲವಾಗಲು ಅದೂ ಒಂದು ಕಾರಣ.

ಇಷ್ಟಾದರೂ ಕೊನೆಯ ಮಾತು ಬಾಕಿ ಇರುತ್ತದೆ. ಮೋಡ ತಂದ ಕಾಂತಕ್ಷೇತ್ರ ಯಾವ ದಿಕ್ಕಿಗಿದೆ? ಭೂಮಿಯ ಕ್ಷೇತ್ರ ಸೂರ್ಯನ ಕಡೆಯ ಗಡಿಯಲ್ಲಿ ಉತ್ತರಾಭಿಮುಖ. ಬಂದದ್ದೂ ಉತ್ತರಾಭಿಮುಖವೇ ಆಗಿದ್ದರೆ ಬಹುಮಟ್ಟಿಗೆ ಪಕ್ಕಕ್ಕೆ ಜಾರಿ ಹೋಗುತ್ತದೆ. ದಕ್ಷಿಣಾಭಿಮುಖವಾಗಿದ್ದರೆ ಎರಡೂ ಕ್ಷೇತ್ರಗಳ ರೇಖೆಗಳು ತುಂಡಾಗಿ ಪರಸ್ಪರ ಬೆಸೆದುಕೊಳ್ಳುತ್ತವೆ, ಸೌರಮಾರುತದ ಶಕ್ತಿ ಒಳನುಗ್ಗುತ್ತದೆ. ಈ ಉತ್ತರ-ದಕ್ಷಿಣ ಅಂಶವೇ ‘ಬಿಝಡ್’. ಹವ್ಯಾಸಿಗಳ ಬಾಯಲ್ಲಿ ಎಕ್ಸ್ ಜ್ವಾಲೆಗಿಂತ ಹೆಚ್ಚು ಸಲ ಬರುವ ಮಾತು ಇದು. ಮೈನಸ್ ಹತ್ತು ನ್ಯಾನೋಟೆಸ್ಲಾ ದಾಟಿದರೆ ಉತ್ತರದ ದೇಶಗಳಲ್ಲಿ ಕಾರು ಹೊರಡುತ್ತವೆ. ಪ್ಲಸ್‌ನಲ್ಲೇ ನಿಂತುಬಿಟ್ಟರೆ ‘ಬಿಝಡ್ ಕೈಕೊಟ್ಟಿತು’. ಮೇ 10ರ ರಾತ್ರಿ ಅದು ಮೈನಸ್ 50ರ ಸಮೀಪಕ್ಕೆ ಇಳಿದಿತ್ತು.

ಬಿಝಡ್ ಎತ್ತ ತಿರುಗುತ್ತದೆ ಎಂಬುದನ್ನು ಸೂರ್ಯನನ್ನು ನೋಡಿ ಖಚಿತವಾಗಿ ಹೇಳುವ ವಿಧಾನ ಇನ್ನೂ ಕೈಗೆ ಬಂದಿಲ್ಲ. ಮೋಡವೇ ಒಂದು ಉಪಕರಣದ ಮೇಲೆ ಹಾದುಹೋಗಬೇಕು. ಆ ಉಪಕರಣಗಳಿರುವುದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆ, ಎಲ್1 ಬಿಂದುವಿನ ಸುತ್ತ. ಅಮೆರಿಕದ ಏಸ್ ಮತ್ತು ಡಿಸ್ಕವರ್ ನೌಕೆಗಳಿಗೆ ಅಲ್ಲಿ ನೆಲೆ. 2024ರ ಜನವರಿ 6ರಂದು ಆದಿತ್ಯ-ಎಲ್1 ಕೂಡ ಅಲ್ಲಿನ ಕಕ್ಷೆಗೆ ಸೇರಿತು. ಸೆಕೆಂಡಿಗೆ 700 ಕಿಲೋಮೀಟರ್ ವೇಗದ ಮೋಡ ಅಲ್ಲಿಂದ ಇಲ್ಲಿಗೆ ಬರಲು ಸುಮಾರು 36 ನಿಮಿಷ ಸಾಕು. ಎರಡು ದಿನ ಕಾದವರಿಗೆ ಕೊನೆಗೆ ಸಿಗುವ ಖಚಿತ ಮುನ್ಸೂಚನೆ ಅಷ್ಟೇ. ಕೇರಳಕ್ಕೆ ಮುಂಗಾರು ಬಂತೆಂದು ತಿಳಿದ ಮಾತ್ರಕ್ಕೆ ಚಳ್ಳಕೆರೆಯ ರೈತ ಬಿತ್ತನೆಗೆ ಇಳಿಯುವುದಿಲ್ಲವಲ್ಲ, ಹಾಗೆ. ಈ ಅನಿಶ್ಚಿತತೆಯಲ್ಲಿ ಹವ್ಯಾಸಿಗೂ ವಿಜ್ಞಾನಿಗೂ ಸ್ಥಾನ ಒಂದೇ. ಇಬ್ಬರೂ ನೋಡುತ್ತಿರುವುದು ಅದೇ ಗೆರೆಯನ್ನು, ಅದೇ ಹೊತ್ತಿಗೆ.

ಕೆಂಪು ಮಾತ್ರ ಏಕೆ?

ಒಳನುಗ್ಗಿದ ಶಕ್ತಿಯಿಂದ ವೇಗ ಪಡೆದ ಎಲೆಕ್ಟ್ರಾನ್‌ಗಳು ಕಾಂತರೇಖೆಗಳ ಗುಂಟ ಇಳಿದು ಮೇಲ್ವಾಯುಮಂಡಲದ ಪರಮಾಣುಗಳಿಗೆ ಡಿಕ್ಕಿ ಹೊಡೆಯುತ್ತವೆ. ನೂರು ಕಿಲೋಮೀಟರ್‌ಗಿಂತ ಸ್ವಲ್ಪ ಮೇಲೆ ಆಮ್ಲಜನಕದ ಹಸಿರು, ಇನ್ನೂರು ದಾಟಿದ ಮೇಲೆ ಅದೇ ಆಮ್ಲಜನಕದ ಕೆಂಪು. ಕೆಂಪು ಬೆಳಕು ಬಿಡಲು ಪರಮಾಣುವಿಗೆ ಸುಮಾರು ಎರಡು ನಿಮಿಷ ಬೇಕು. ಅಷ್ಟು ಹೊತ್ತು ಇನ್ನೊಂದು ಕಣಕ್ಕೆ ತಾಗದೆ ಇರಬೇಕೆಂದರೆ ಗಾಳಿ ತೀರಾ ವಿರಳವಾಗಿರುವ ಎತ್ತರವೇ ಆಗಬೇಕು. ನಾಲ್ಕುನೂರು ಕಿಲೋಮೀಟರ್ ಎತ್ತರದ ಈ ಕೆಂಪು 2200 ಕಿಲೋಮೀಟರ್ ದೂರದವರಿಗೂ ದಿಗಂತದಂಚಿನಲ್ಲಿ ಕಾಣಬಲ್ಲದು. ಹಸಿರು ಅದರ ಅರ್ಧದಷ್ಟು ದೂರಕ್ಕೇ ಭೂಮಿಯ ಬಾಗಿನ ಹಿಂದೆ ಮರೆಯಾಗುತ್ತದೆ. ಹಾನ್ಲೆಗೆ ಕೆಂಪು ಮಾತ್ರ ದಕ್ಕುವುದು ಇದರಿಂದ. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಕೆಂಪಿಗೆ ತೀರಾ ದುರ್ಬಲ. ಆದ್ದರಿಂದ ದೀರ್ಘ ಎಕ್ಸ್‌ಪೋಷರ್‌ ಇಟ್ಟ ಕ್ಯಾಮೆರಾ ಮೊದಲು ಹೇಳುತ್ತದೆ, ಕಣ್ಣು ಆಮೇಲೆ ಒಪ್ಪುತ್ತದೆ.

ಹಾನ್ಲೆಯೂ ಅಮೆರಿಕದ ಡಲ್ಲಾಸ್ ನಗರವೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಆದರೆ ಭೂಕಾಂತ ಧ್ರುವ ವಾಲಿರುವುದು ಉತ್ತರ ಅಮೆರಿಕದ ಕಡೆಗೆ. ಹಾಗಾಗಿ ಡಲ್ಲಾಸಿನ ಕಾಂತ ಅಕ್ಷಾಂಶ ಸುಮಾರು 41 ಡಿಗ್ರಿ, ಹಾನ್ಲೆಯದು 24, ಬೆಂಗಳೂರಿನದು ಬರೀ 5. ಟೆಕ್ಸಸ್‌ನಲ್ಲಿರುವ ಕನ್ನಡಿಗರಿಗೆ ಮನೆಯಂಗಳದಲ್ಲೇ ಒದಗಬಹುದಾದ ಅವಕಾಶ ನಮಗೆ ಲಡಾಖ್ ಹತ್ತಿದರೂ ಅಪರೂಪ.

ಕಾದು ಕೂತವರಿಗೆ ಕೆಲವೊಮ್ಮೆ ಪುಸ್ತಕದಲ್ಲಿಲ್ಲದ್ದೂ ಸಿಗುತ್ತದೆ. ಕೆನಡಾದ ಆಲ್ಬರ್ಟಾದ ಹವ್ಯಾಸಿ ಛಾಯಾಗ್ರಾಹಕರು ಆಕಾಶದ ಉದ್ದಕ್ಕೂ ಹಾದ ನೇರಳೆ ಪಟ್ಟಿಯೊಂದನ್ನು ಹಲವು ರಾತ್ರಿ ಹಿಡಿದಿದ್ದರು. ಏನೆಂದು ತೋಚದೆ ‘ಸ್ಟೀವ್’ ಎಂದು ಕರೆದರು. ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಸ್ವಾರ್ಮ್ ಉಪಗ್ರಹ ಅದರ ಮೂಲಕ ಹಾದಾಗ ತಾಪ 3000 ಡಿಗ್ರಿ ಸೆಲ್ಸಿಯಸ್ ಏರಿತ್ತು. 25 ಕಿಲೋಮೀಟರ್ ಅಗಲದ ಆ ಅನಿಲಪಟ್ಟಿ ಸೆಕೆಂಡಿಗೆ 6 ಕಿಲೋಮೀಟರ್ ವೇಗದಲ್ಲಿ ಪಶ್ಚಿಮಕ್ಕೆ ಹರಿಯುತ್ತಿತ್ತು. 2018ರ ಪ್ರಬಂಧದಲ್ಲಿ ವಿಜ್ಞಾನಿಗಳ ಜೊತೆ ಹವ್ಯಾಸಿಗಳೂ ಸಹಲೇಖಕರಾದರು.

ಲೆಕ್ಕದ ಪುಸ್ತಕ

ಸದ್ಯದ 25ನೇ ಸೌರಚಕ್ರ 2024ರ ಅಕ್ಟೋಬರ್ ವೇಳೆಗೆ ಉಚ್ಛ್ರಾಯದ ಅವಧಿಗೆ ಬಂದಿದೆ ಎಂದು ಘೋಷಿಸಲಾಯಿತು. ಇಳಿಗಾಲ ಎಂದರೆ ನೀರಸ ಕಾಲವಲ್ಲ. 2003ರ ಅಕ್ಟೋಬರಿನ ಮಹಾಬಿರುಗಾಳಿಗಳು ಬಂದದ್ದು 23ನೇ ಚಕ್ರದ ತುದಿ ದಾಟಿದ ಮೇಲೆಯೇ.

ಚಕ್ರದ ಏರಿಳಿತ ತಿಳಿಯುವುದು ಸೌರಕಲೆಗಳ ಎಣಿಕೆಯಿಂದ. ಆ ಎಣಿಕೆಗೆ ಬೇಕಾದದ್ದು ಅಲ್ಪ. ಬರಿಗಣ್ಣಿನಲ್ಲಿ, ಕೂಲಿಂಗ್ ಗ್ಲಾಸಿನಲ್ಲಿ, ಎಕ್ಸ್‌ರೇ ಫಿಲ್ಮಿನಲ್ಲಿ ಸೂರ್ಯನನ್ನು ನೋಡಬಾರದು; ದೂರದರ್ಶಕಕ್ಕಾದರೆ ಅದರ ಮುಂಭಾಗಕ್ಕೇ ಪ್ರಮಾಣಿತ ಸೌರಫಿಲ್ಟರ್ ಹಾಕಬೇಕು. ಸುಲಭ ದಾರಿಯೆಂದರೆ ಬೈನಾಕ್ಯುಲರಿನ ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಬಿಂಬವನ್ನು ಬಿಳಿ ರಟ್ಟಿನ ಮೇಲೆ ಬೀಳಿಸುವುದು, ಅದರೊಳಗೆ ಯಾರೂ ಇಣುಕದಂತೆ ನೋಡಿಕೊಳ್ಳುವುದು. ಜ್ಯೂರಿಕ್‌ನ ರುಡಾಲ್ಫ್ ವುಲ್ಫ್ ಕೊಟ್ಟ ಸೂತ್ರ ಈಗಲೂ ಚಾಲ್ತಿಯಲ್ಲಿದೆ: ಗುಂಪುಗಳ ಸಂಖ್ಯೆಯನ್ನು ಹತ್ತರಿಂದ ಗುಣಿಸಿ ಬಿಡಿ ಕಲೆಗಳ ಸಂಖ್ಯೆ ಕೂಡಿಸಿ. ಮೂರು ಗುಂಪು, ಒಟ್ಟು ಹನ್ನೆರಡು ಕಲೆ ಇದ್ದರೆ 42. ನೋಡುವವರ ಕಣ್ಣಿಗೂ ಉಪಕರಣಕ್ಕೂ ತಕ್ಕ ಒಂದು ಗುಣಕದಿಂದ ಅದನ್ನು ತಿದ್ದಲಾಗುತ್ತದೆ. ಬ್ರಸೆಲ್ಸ್‌ನ ರಾಯಲ್ ವೀಕ್ಷಣಾಲಯ ಪ್ರಕಟಿಸುವ ಜಾಗತಿಕ ಸೌರಕಲೆ ಸಂಖ್ಯೆ ಇಂತಹ ಎಣಿಕೆಗಳನ್ನು ಕೂಡಿಸಿಯೇ ಹುಟ್ಟುತ್ತದೆ. ಅದಕ್ಕೆ ಲೆಕ್ಕ ಕಳಿಸುವವರಲ್ಲಿ ಹೆಚ್ಚಿನವರು ಹವ್ಯಾಸಿಗಳು.

ಭೂಮಿಯಿಂದ ನೋಡಿದರೆ ಸೂರ್ಯ ಒಂದು ಸುತ್ತು ತಿರುಗಲು ಸುಮಾರು 27 ದಿನ ಬೇಕು. 3664 ಪಶ್ಚಿಮದ ಅಂಚಿನಲ್ಲಿ ಮರೆಯಾದಾಗ ಅನುಭವಿಗಳು ಪುಸ್ತಕ ಮುಚ್ಚಲಿಲ್ಲ, ಎರಡು ವಾರ ಎಣಿಸಿದರು. ಮೇ 27ರಂದು ಪೂರ್ವದಂಚಿನ ಹಿಂದಿನಿಂದ ಮತ್ತೊಂದು ಎಕ್ಸ್ ಜ್ವಾಲೆ ಹೊತ್ತಿತು. ಹಳೆಯ 3664 ಹೊಸ ಸಂಖ್ಯೆ 3697 ಹೊತ್ತು ಸರಿಯಾಗಿ ಲೆಕ್ಕಕ್ಕೆ ಹಾಜರಾಗಿತ್ತು.