ಪರವಾನಗಿ ಅಂಬಿಗನಿಗೆ, ಅಪ್ಪಣೆ ಧಣಿಯದು

ಕಾರವಾರದ ಬಳಿ ಕಾಳಿ ನದಿ ಕಡಲು ಸೇರುವ ಅಳಿವೆಯ ಆಚೆಗೆ ಕೂರ್ಮಗಡ ಎಂಬ ನಡುಗಡ್ಡೆಯಿದೆ. ಅಲ್ಲಿನ ನರಸಿಂಹ ದೇವರ ಜಾತ್ರೆ ವರ್ಷಕ್ಕೊಮ್ಮೆ, ಪುಷ್ಯ ಹುಣ್ಣಿಮೆಯ ದಿನ. ಸೇತುವೆಯಿಲ್ಲದ ಜಾಗ, ಹರಕೆ ಹೊತ್ತವರೆಲ್ಲ ದೋಣಿ ಹತ್ತಲೇಬೇಕು. 2019ರ ಜನವರಿ 21ರಂದು ಜಾತ್ರೆ ಮುಗಿಸಿ ದಡಕ್ಕೆ ಮರಳುತ್ತಿದ್ದ ದೋಣಿಯೊಂದು ಅಲೆಗೆ ಸಿಕ್ಕಿ ಮಗುಚಿತು. ಮಕ್ಕಳೂ ಸೇರಿ 16 ಮಂದಿ ಸತ್ತರು. ಇಂಥ ಪ್ರತಿಯೊಂದು ದುರಂತದ ಮರುದಿನ ಎರಡು ಪ್ರಶ್ನೆ ಏಳುತ್ತವೆ: ದೋಣಿಯಲ್ಲಿ ಎಷ್ಟು ಜನರಿದ್ದರು? ನಡೆಸುತ್ತಿದ್ದವನ ಬಳಿ ಪರವಾನಗಿ ಇತ್ತೆ? ಎರಡೂ ಸರಿಯಾದ ಪ್ರಶ್ನೆಗಳೇ. ಆದರೆ ಅವು ದೋಣಿ ನೀರಿಗಿಳಿದ ಮೇಲಿನ ಕಥೆಯನ್ನು ಕೇಳುತ್ತವೆ. ಹಗ್ಗ ಬಿಚ್ಚುವ ಮೊದಲಿನ ಕಥೆಯನ್ನು ಕೇಳುವುದಿಲ್ಲ.

ಊರು ಬೇರೆ, ಕಾರಣ ಬೇರೆ

2002ರಿಂದ ಈಚಿನ ಕೆಲವು ದೋಣಿ ಅವಘಡಗಳನ್ನು ಸಾಲಾಗಿ ಇಟ್ಟು ನೋಡಿದರೆ ತಪ್ಪು ಒಂದೇ ಕಡೆ ನಿಲ್ಲುವುದಿಲ್ಲ. 2002ರ ಜುಲೈಯಲ್ಲಿ ಕೇರಳದ ಕುಮರಕಂ ಬಳಿ ಜನರಿಂದ ಕಿಕ್ಕಿರಿದಿದ್ದ ದೋಣಿ ಮುಳುಗಿ 29 ಮಂದಿ ತೀರಿಕೊಂಡರು. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯ ಜಲಾಶಯದಲ್ಲಿ ದಡದ ಪ್ರಾಣಿಗಳನ್ನು ನೋಡಲು ಪ್ರವಾಸಿಗರು ಒಂದೇ ಬದಿಗೆ ಸರಿದರು. ದೋಣಿ ವಾಲಿ 45 ಜೀವ ಹೋಯಿತು. ಅಲ್ಲಿ ದೋಣಿಯ ವಿನ್ಯಾಸದ ಮೇಲೂ ಬೆರಳು ತೋರಿಸಲಾಯಿತು. 2019ರ ಸೆಪ್ಟೆಂಬರಿನಲ್ಲಿ ಗೋದಾವರಿ ನೆರೆಯಿಂದ ಉಕ್ಕುತ್ತಿದ್ದಾಗಲೇ ಪ್ರವಾಸಿ ದೋಣಿಯೊಂದು ಹೊರಟಿತು, ತಿರುಗಿ ಬರಲಿಲ್ಲ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಮಂದಿಯನ್ನು ಮುಳುಗಿಸಿದ್ದು ಮೀನುಗಾರಿಕೆಯ ದೋಣಿಯನ್ನೇ ಮಾರ್ಪಡಿಸಿ ಮಾಡಿದ ವಿಹಾರ ದೋಣಿ. ಹೊರಟದ್ದು ಕತ್ತಲು ಕವಿಯುವ ಹೊತ್ತಿನಲ್ಲಿ. ಮರುವರ್ಷ ಜನವರಿಯಲ್ಲಿ ವಡೋದರದ ಕೆರೆಯೊಂದರಲ್ಲಿ ಶಾಲಾ ಪ್ರವಾಸದ ಮಕ್ಕಳು ಬಲಿಯಾದರು.

ಇಷ್ಟರಲ್ಲಿ ಚಾಲಕನ ಕೈಚಳಕದ ಕೊರತೆಯೊಂದೇ ಕಾರಣವೆನ್ನಬಹುದಾದ ಪ್ರಕರಣ ಹುಡುಕಿದರೂ ಸಿಗುವುದು ಕಷ್ಟ. ಜನರನ್ನು ತುಂಬಿದ್ದು, ನೆರೆಯಲ್ಲಿ ಹೊರಟದ್ದು, ಮೀನಿನ ದೋಣಿಗೆ ಮಹಡಿ ಕಟ್ಟಿದ್ದು: ಇವೆಲ್ಲ ದಡದ ಮೇಲೆ ಆದ ತೀರ್ಮಾನಗಳು.

ಉಗಿದೋಣಿಯ ಕಾಲದ ಕಾಯ್ದೆ

ಒಳನಾಡಿನ ನೀರಿನಲ್ಲಿ ಯಂತ್ರದ ದೋಣಿ ನಡೆಸುವವರಿಗೆ ಅರ್ಹತಾ ಪತ್ರ ಬೇಕೆಂಬ ನಿಯಮಕ್ಕೆ ನೂರು ವರ್ಷ ದಾಟಿದೆ. 1917ರ ಕಾಯ್ದೆ ಹುಟ್ಟಿದ್ದು ಉಗಿದೋಣಿಗಳಿಗಾಗಿ. ಒಂದನೇ ದರ್ಜೆಯ ಮಾಸ್ಟರ್, ಎರಡನೇ ದರ್ಜೆಯ ಮಾಸ್ಟರ್, ಅವರ ಕೆಳಗೆ ಸೆರಾಂಗ್ ಎಂದು ಅದು ಶ್ರೇಣಿ ಕಟ್ಟಿತು; ಎಂಜಿನ್ ನೋಡಿಕೊಳ್ಳುವವರಿಗೆ ಬೇರೆ ಪತ್ರ. ಸೆರಾಂಗ್ ಎಂಬ ಮಾತು ಪಾರಸಿಯ ‘ಸರ್‌ಹಂಗ್’ನಿಂದ ಬಂದದ್ದು. ಅರ್ಥ, ದಳಪತಿ. ದಿನಗೂಲಿಗೆ ದುಡಿಯುವ ಇಂದಿನ ದೋಣಿ ಚಾಲಕನಿಗೆ ಈ ಹಿರಿಯ ಹೆಸರು ಉಳಿದಿದೆ, ಅಧಿಕಾರ ಉಳಿದಿಲ್ಲ.

ಹಳೆಯ ಕಾಯ್ದೆಯ ಜಾಗಕ್ಕೆ 2021ರಲ್ಲಿ ಹೊಸದು ಬಂದಿತು. ಒಂದು ರಾಜ್ಯದ ನೋಂದಣಿ ದೇಶಕ್ಕೆಲ್ಲ ಸಲ್ಲುವಂತಾಯಿತು; ದೋಣಿ ಮತ್ತು ಸಿಬ್ಬಂದಿಯ ದಾಖಲೆಗೆ ಕೇಂದ್ರೀಕೃತ ದತ್ತಾಂಶದ ವ್ಯವಸ್ಥೆ ಹೇಳಲಾಯಿತು; ಅಲೆಯ ಎತ್ತರವನ್ನು ಅಳತೆಗೋಲಾಗಿಟ್ಟು ಜಲಭಾಗಗಳನ್ನು ವಲಯಗಳಾಗಿ ವಿಂಗಡಿಸಲಾಯಿತು. ಹುಟ್ಟು ಹಾಕಿ ನಡೆಸುವ, ಯಂತ್ರವಿಲ್ಲದ ದೋಣಿಗಳಿಗೂ ಅದರಲ್ಲಿ ಪ್ರತ್ಯೇಕ ಅಧ್ಯಾಯವಿದೆ. ತುಂಗಭದ್ರೆ, ಕಾವೇರಿಯ ಹರಿಗೋಲುಗಳನ್ನು ಕಂಡವರಿಗೆ ಇದು ಎಷ್ಟು ತಡವಾಗಿ ಬಂದ ನೆನಪು ಎಂದು ತಿಳಿದೀತು.

ತೊಡಕು ಕರಾವಳಿಯಲ್ಲಿ ಹೆಚ್ಚು. ನದಿಯಲ್ಲಿರುವಷ್ಟು ಹೊತ್ತು ದೋಣಿ ಒಳನಾಡಿನ ಕಾನೂನಿನ ಕೆಳಗೆ. ಅಳಿವೆ ದಾಟಿದರೆ ಬಂದರು ಮತ್ತು ಸಮುದ್ರಯಾನದ ಕಾನೂನು. ಅದೇ ಮೀನುಗಾರಿಕೆಯ ದೋಣಿಯಾದರೆ ನೋಂದಣಿಯೇ ಬೇರೆ. ಅಳಿವೆಯೋ, ನದಿಯ ಹರಿವು ಕಡಲ ಅಲೆಗೆ ಎದುರಾಗುವ, ಮರಳು ದಿಬ್ಬ ಜಾಗ ಬದಲಿಸುತ್ತಲೇ ಇರುವ ಅತಿ ಅಪಾಯದ ತಾಣ. ನೀರು ಎಲ್ಲಿ ಕೆರಳುತ್ತದೆಯೋ ಅಲ್ಲೇ ಕಾನೂನುಗಳ ಗಡಿಯೂ ಮಸುಕಾಗುತ್ತದೆ.

ಪರೀಕ್ಷೆ ಅಳೆಯುವುದು, ಅಳೆಯದೆ ಬಿಡುವುದು

ಪರವಾನಗಿಯ ಪರವಾದ ವಾದ ಹಗುರವಾದದ್ದಲ್ಲ. ರಾತ್ರಿ ದೋಣಿಯ ಎಡಬದಿಗೆ ಕೆಂಪು ದೀಪ, ಬಲಬದಿಗೆ ಹಸಿರು. ನಮ್ಮ ಬಲಗಡೆಯಿಂದ ಅಡ್ಡ ಬರುವ ದೋಣಿಯ ಕೆಂಪು ದೀಪ ಕಂಡರೆ ದಾರಿ ಬಿಡಬೇಕಾದವರು ನಾವು. ಬಣ್ಣ ಗುರುತಿಸಲಾರದ ಕಣ್ಣಿಗೆ ಈ ನಿಯಮ ತಿಳಿದೂ ಉಪಯೋಗವಿಲ್ಲ; ಅದಕ್ಕೇ ದೃಷ್ಟಿ ಪರೀಕ್ಷೆ. ಅಮೆರಿಕದಲ್ಲಿ ಆರು ಪ್ರಯಾಣಿಕರವರೆಗೆ ಬಾಡಿಗೆಗೆ ಒಯ್ಯುವ ಪುಟ್ಟ ದೋಣಿಗೂ ಚಾಲಕ 360 ದಿನ ನೀರಿನ ಮೇಲೆ ದುಡಿದ ದಾಖಲೆ ತೋರಿಸಬೇಕು; ದೇಹದಾರ್ಢ್ಯ ಮತ್ತು ಮಾದಕವಸ್ತು ತಪಾಸಣೆಗೂ ಒಳಗಾಗಬೇಕು.

ಇನ್ನೊಂದು ಪಕ್ಷದ ಮಾತಿಗೂ ತೂಕವಿದೆ. ಕರಾವಳಿಯ ತಾಂಡೇಲನಿಗೆ, ಶರಾವತಿ ಹಿನ್ನೀರಿನ ಅಂಬಿಗನಿಗೆ ನೀರಿನ ಬಣ್ಣ ನೋಡಿ ಆಳ ಹೇಳುವ ವಿದ್ಯೆ ಬಂದದ್ದು ತರಗತಿಯಲ್ಲಲ್ಲ. ಮುಳುಗಿದ ಮರದ ಬೊಡ್ಡೆ ಎಲ್ಲಿದೆ, ಯಾವ ತಿಂಗಳಲ್ಲಿ ಗಾಳಿ ಯಾವ ಕಡೆಯಿಂದ ಏಳುತ್ತದೆ ಎಂಬುದು ಯಾವ ಪ್ರಶ್ನೆಪತ್ರಿಕೆಯಲ್ಲೂ ಇರುವುದಿಲ್ಲ. ಅಕ್ಷರ ಬಾರದವನನ್ನು ಲಿಖಿತ ಪರೀಕ್ಷೆಯಲ್ಲಿ ಸೋಲಿಸಿ, ಪಟ್ಟಣದಿಂದ ಬಂದ ಪತ್ರವಂತನ ಕೈಗೆ ಆ ನೀರನ್ನು ಒಪ್ಪಿಸಿದರೆ ಸುರಕ್ಷತೆ ಹೆಚ್ಚಿತೆನ್ನಲಾಗದು. ಹಾಗೆಂದು ಅನುಭವವೇ ಸಾಕೆನ್ನುವುದೂ ಸರಿಯಲ್ಲ: ಮೀನು ಹಿಡಿಯುವಾಗ ದೋಣಿಯಲ್ಲಿರುವವರು ಅಲೆಯ ಲಯ ಬಲ್ಲ ಜನ, ಜಾತ್ರೆಗೆ ಹೊರಟವರು ಭಯ ಬಿದ್ದೊಡನೆ ಎದ್ದು ನಿಲ್ಲುವ ಜನ. ಮೌಖಿಕ ಪರೀಕ್ಷೆ, ಆಯಾ ನೀರಿನಲ್ಲೇ ಪ್ರಾಯೋಗಿಕ ಪರೀಕ್ಷೆ, ಅದರ ಮೇಲೆ ಪ್ರಯಾಣಿಕರನ್ನು ನಿಭಾಯಿಸುವ ತರಬೇತಿ: ದಾರಿ ಈ ಕಡೆಗಿದೆ.

‘ಹೊರಡು’ ಎಂದವರು

ಪತ್ರವೊಂದಿದ್ದರೆ ಸಾಕೆಂಬ ನಂಬಿಕೆಗೆ ಹೊಡೆತ ಕೊಟ್ಟ ಘಟನೆ 2005ರಲ್ಲಿ ನ್ಯೂಯಾರ್ಕ್ ರಾಜ್ಯದ ಲೇಕ್ ಜಾರ್ಜ್‌ನಲ್ಲಿ ನಡೆಯಿತು. ಚಾಲಕನಿಗೆ ಪರವಾನಗಿಯಿತ್ತು. 47 ಪ್ರಯಾಣಿಕರಿದ್ದರು, ಪ್ರಮಾಣಪತ್ರದ ಮಿತಿ 48. ಆದರೂ ದೋಣಿ ಮಗುಚಿ 20 ವೃದ್ಧರು ಸತ್ತರು. ತಲಾ ಸುಮಾರು 63 ಕಿಲೊ ತೂಕವೆಂದು ದಶಕಗಳ ಹಿಂದೆ ಹಾಕಿದ ಲೆಕ್ಕವೇ ಸುಳ್ಳಾಗಿತ್ತು. ಆಮೇಲೆ ಅದನ್ನು ಸುಮಾರು 84 ಕಿಲೊಗೆ ಏರಿಸಲಾಯಿತು. ಇರಬೇಕಿದ್ದ ಎರಡನೆಯ ಸಿಬ್ಬಂದಿ ಅಂದು ದೋಣಿಯಲ್ಲಿರಲಿಲ್ಲ.

ನಮ್ಮ ಕಡವುಗಳಲ್ಲಿ ನಡೆಯುವುದು ಇದಕ್ಕಿಂತ ಸರಳ. ಸಾಲು ಉದ್ದವಾಗಿದೆ, ಸಂಜೆಯಾಗುತ್ತಿದೆ, ಟಿಕೆಟ್ ಹರಿಯುವವನು ಇನ್ನೂ ನಾಲ್ವರನ್ನು ಹತ್ತಿಸುತ್ತಾನೆ. ದೋಣಿಯ ಅಂಚು ನೀರಿಗೆ ಒಂದು ಗೇಣು ಹತ್ತಿರವಾದದ್ದನ್ನು ಮೊದಲು ಕಾಣುವವನು ಚುಕ್ಕಾಣಿಯವನು. ಅವನು ಬೇಡವೆಂದರೆ ನಾಳೆಯ ಪಾಳಿಗೆ ಇನ್ನೊಬ್ಬ ಬರುತ್ತಾನೆ. ದೊಡ್ಡ ಹಡಗಿನ ಕಪ್ತಾನನಿಗೆ ಈ ಭಯವಿಲ್ಲ: ಸುರಕ್ಷತೆಗಾಗಿ ಆತ ಕೈಗೊಳ್ಳುವ ತೀರ್ಮಾನವನ್ನು ಮಾಲೀಕರು ತಡೆಯಕೂಡದೆಂದು ಸಮುದ್ರಸುರಕ್ಷೆಯ ಅಂತರರಾಷ್ಟ್ರೀಯ ಒಪ್ಪಂದ ಹೇಳುತ್ತದೆ. ಹಿನ್ನೀರಿನ ಲಾಂಚು ಆ ಒಪ್ಪಂದದ ನೆರಳಿಗೆ ಬರುವುದಿಲ್ಲ.

ಆದ್ದರಿಂದ ಪರವಾನಗಿ ಬೇಕೇ ಬೇಡವೇ ಎಂಬ ಚರ್ಚೆ ಮುಗಿದ ಚರ್ಚೆ, ಬೇಕು. ಆದರೆ ಅದರ ಜೊತೆಗೆ ಎರಡು ಸಾಲು ಸೇರಲಿ. ಮಿತಿ ಮೀರಿದಾಗ, ಹವಾಮಾನ ಕೆಟ್ಟಾಗ ಹೊರಡಲು ನಿರಾಕರಿಸಿದ ಚಾಲಕನನ್ನು ಕೆಲಸದಿಂದ ತೆಗೆಯುವಂತಿಲ್ಲ ಎಂಬುದು ಒಂದು. ಅವನನ್ನು ಹೊರಡಿಸಿದ ಮಾಲೀಕನೂ ಗುತ್ತಿಗೆದಾರನೂ ಅವನಷ್ಟೇ ಹೊಣೆಗಾರರು ಎಂಬುದು ಇನ್ನೊಂದು. ಕೇಂದ್ರದ ಕಾಯ್ದೆಯನ್ನು ಕಡವಿಗೆ ಇಳಿಸಬೇಕಾದದ್ದು ರಾಜ್ಯಗಳ ಕೆಲಸವಾದ್ದರಿಂದ ಈ ಸಾಲುಗಳನ್ನು ಬರೆಯಲು ಬೆಂಗಳೂರಿನಲ್ಲೇ ಜಾಗವಿದೆ. ಕೂರ್ಮಗಡದ ಜಾತ್ರೆ ಬರುವ ಪುಷ್ಯ ಹುಣ್ಣಿಮೆಗೂ ನಡೆಯುತ್ತದೆ, ಜನ ದೋಣಿಯಲ್ಲೇ ಹೋಗುತ್ತಾರೆ.